ಕಂಪ್ಯೂಟರ್ ಕಾದರೆ ಎರಡು ಪೈಪು ಮುಟ್ಟಿ ನೋಡಿ

ನಮ್ಮ ಭಾಯಿಜಾನ್ ದೊಡ್ಡಬಳ್ಳಾಪುರದಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಾರೆ. ಈ ಸಲ ರಂಜಾನ್ ಮುಗಿದು ಶವ್ವಾಲ್ ತಿಂಗಳ ಮದುವೆಗಳು ಸಾಲಾಗಿ ಬಂದವು, ಏಪ್ರಿಲ್ ಬಿಸಿಲೂ ಜೊತೆಗೇ ಬಂತು. ಸರಿಯಾಗಿ ಆಗಲೇ ಅವರ ಕಂಪ್ಯೂಟರ್ ಕೈಕೊಟ್ಟಿತು. ವಿಡಿಯೊ ಕತ್ತರಿಸಿ ಜೋಡಿಸುವಾಗ ಏನೂ ತೊಂದರೆ ಇಲ್ಲ. ಎಲ್ಲ ಮುಗಿಸಿ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಹದಿನೆಂಟು ಇಪ್ಪತ್ತು ನಿಮಿಷಕ್ಕೆ ಪಟ್ಟನೆ ಆಫ್ ಆಗುತ್ತಿತ್ತು. ಮತ್ತೆ ಆನ್ ಮಾಡಿ ಮೊದಲಿನಿಂದ ಹಾಕಿದರೆ ಎಂಟೇ ನಿಮಿಷಕ್ಕೆ ಆಫ್. ಆ ವಿಡಿಯೊದ ಮದುಮಗ ಹತ್ತು ದಿನದಲ್ಲಿ ದುಬೈಗೆ ವಾಪಸ್ ಹೊರಡುವವರು. ಅಷ್ಟರೊಳಗೆ ಪೆನ್‌ಡ್ರೈವ್ ಕೈಗೆ ಕೊಡುತ್ತೇನೆಂದು ಭಾಯಿಜಾನ್ ಮಾತು ಕೊಟ್ಟು ಅಡ್ವಾನ್ಸ್ ಕೂಡ ತೆಗೆದುಕೊಂಡಿದ್ದರು. ಅದು ಮನೆ ಬಾಡಿಗೆಗೆ ಹೋಗಿತ್ತು.

ಒಂದು ರಿಪೇರಿ ಅಂಗಡಿಯವರು ಕ್ಯಾಬಿನೆಟ್ ಬಾಗಿಲನ್ನೂ ಬಿಚ್ಚದೆ, ‘ಮದರ್‌ಬೋರ್ಡ್ ಹೋಗಿದೆ, ಇದನ್ನು ಗುಜರಿಗೆ ಹಾಕಿ ಹೊಸದು ತಗೊಳ್ಳಿ, ನಲವತ್ತು ಸಾವಿರ ಆಗುತ್ತೆ’ ಎಂದರು. ಕಂಪ್ಯೂಟರನ್ನು ಮನೆಗೆ ತಂದು ಮೂಲೆಯಲ್ಲಿಟ್ಟ ಭಾಯಿಜಾನ್ ಅವತ್ತು ರಾತ್ರಿ ಊಟಕ್ಕೂ ಸರಿಯಾಗಿ ಕೂರಲಿಲ್ಲ. ಮುಂದಿನ ಮೂರು ವಾರದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಹಲವರ ಮನೆಗೆ ಬೆಂಗಳೂರಿನ ನೆಂಟರಿಂದ, ಆಫೀಸುಗಳಿಂದ ಇಂಥ ಹಳೆಯ ಕಂಪ್ಯೂಟರ್‌ಗಳು ಬಂದಿವೆ. ಅವುಗಳಲ್ಲಿ ಕೆಲವಾದರೂ ನಮ್ಮದರಂತೆ ನೀರಿನಿಂದ ತಂಪಾಗುವಂಥವು ಇರಬಹುದು.

ನಮ್ಮದು ಮಾಮು ಕೊಟ್ಟದ್ದು. ಅವರು ಬೆಂಗಳೂರಿನಲ್ಲಿ ಆನಿಮೇಷನ್ ಕೆಲಸ ಮಾಡುತ್ತಿದ್ದಾಗ ಕಟ್ಟಿಸಿಕೊಂಡಿದ್ದ ಯಂತ್ರ. ಒಳಗಿರುವುದು 2013ರಲ್ಲಿ ಬಂದ ಇಂಟೆಲ್ ಕೋರ್ ಐ7-4770ಕೆ ಪ್ರೊಸೆಸರ್. ಇದರ ಲೆಕ್ಕದ ಶಾಖ 84 ವ್ಯಾಟ್. ಹಳೆಯ ಗುಂಡು ಬಲ್ಬು 60 ವ್ಯಾಟ್ ಇದ್ದರೂ ಮುಟ್ಟಿದರೆ ಬೆರಳು ಸುಡುತ್ತಿತ್ತಲ್ಲ, ಅದಕ್ಕಿಂತ ಹೆಚ್ಚಿನ ಶಾಖ ಹೆಬ್ಬೆರಳಿನ ಉಗುರಿನಷ್ಟು ಜಾಗದಿಂದ ಹೊರಡುತ್ತದೆ. ಅದನ್ನು ಆಗಿಂದಾಗ ಹೊರಗೆ ಸಾಗಿಸದಿದ್ದರೆ ಚಿಪ್ 100 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅಲ್ಲಿಗೆ ಬಂದಾಗ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದೆ ಶಾಖ ಏರಿದರೆ ಸುಟ್ಟುಹೋಗುವ ಮೊದಲೇ ಕರೆಂಟ್ ಕಡಿದುಕೊಳ್ಳುತ್ತದೆ. ಅಂದರೆ ನಮ್ಮ ಕಂಪ್ಯೂಟರ್ ಆಫ್ ಆಗುತ್ತಿದ್ದದ್ದು ಕೆಟ್ಟಿದ್ದರಿಂದ ಅಲ್ಲ, ಕೆಡಬಾರದೆಂದು. ಇದು ತಿಳಿದಾಗ ನನಗೆ ಮೊದಲ ಸಲ ಧೈರ್ಯ ಬಂತು.

ನೀರಿನ ವ್ಯವಸ್ಥೆ ಹೇಗಿರುತ್ತದೆ ಎಂದು ಹೇಳಿಬಿಡುತ್ತೇನೆ. ಪ್ರೊಸೆಸರ್ ಮೇಲೆ ಒಂದು ತಾಮ್ರದ ತಟ್ಟೆ ಕೂತಿರುತ್ತದೆ. ಎರಡರ ನಡುವೆ ಕಣ್ಣಿಗೆ ಕಾಣದ ಸಂದುಗಳನ್ನು ತುಂಬಲು ಥರ್ಮಲ್ ಪೇಸ್ಟ್. ತಟ್ಟೆಯ ಒಳಭಾಗದಲ್ಲಿ ಕೂದಲೆಳೆಯಂಥ ಸಣ್ಣ ಕಾಲುವೆಗಳು, ಅದರ ಮೇಲೆ ಪುಟ್ಟ ಪಂಪು. ಅಲ್ಲಿಂದ ಎರಡು ರಬ್ಬರ್ ಪೈಪುಗಳು ರೇಡಿಯೇಟರ್‌ಗೆ ಹೋಗುತ್ತವೆ. ರೇಡಿಯೇಟರ್ ಎಂದರೆ ಲಾರಿಯ ಮೂತಿಯಲ್ಲಿರುವಂಥದೇ, ಅಂಗೈಗಿಂತ ಸ್ವಲ್ಪ ದೊಡ್ಡದು. ಅದಕ್ಕೆ ಫ್ಯಾನ್ ಜೋಡಿಸಿರುತ್ತಾರೆ. ಚಿಪ್‌ನಿಂದ ಪೇಸ್ಟ್‌ಗೆ, ಪೇಸ್ಟ್‌ನಿಂದ ತಾಮ್ರಕ್ಕೆ, ತಾಮ್ರದಿಂದ ನೀರಿಗೆ, ನೀರಿನಿಂದ ರೇಡಿಯೇಟರ್‌ನ ರೆಕ್ಕೆಗಳಿಗೆ, ಅಲ್ಲಿಂದ ಗಾಳಿಗೆ. ಮದುವೆ ಮನೆಯಲ್ಲಿ ಅಡುಗೆ ಕೋಣೆಯಿಂದ ಊಟದ ಹಾಲ್‌ವರೆಗೆ ಸಾಲಾಗಿ ನಿಂತು ಪಾತ್ರೆಗಳನ್ನು ಕೈಯಿಂದ ಕೈಗೆ ದಾಟಿಸುತ್ತೇವಲ್ಲ, ಹಾಗೆ. ಸಾಲಿನಲ್ಲಿ ಯಾರೋ ಒಬ್ಬರು ನಿಂತುಬಿಟ್ಟರೆ ಅವರ ಹಿಂದಿನವರ ಬಳಿ ಪಾತ್ರೆಗಳು ಗುಡ್ಡೆ ಬೀಳುತ್ತವೆ. ಶಾಖ ಎಲ್ಲಿ ಗುಡ್ಡೆ ಬಿದ್ದಿದೆ ಎಂದು ಹುಡುಕಿದರೆ ಯಾರು ನಿಂತಿದ್ದಾರೆ ಎಂದು ಗೊತ್ತಾಗುತ್ತದೆ.

ನೀರಿನಿಂದ ಕಂಪ್ಯೂಟರ್ ತಂಪು ಮಾಡುವುದು ಆಟಗಾರರ ಶೋಕಿ ಎಂದು ನಾನೂ ಅಂದುಕೊಂಡಿದ್ದೆ. ಆದರೆ ನಮ್ಮೂರಿನಿಂದ ಐವತ್ತು ಕಿಲೋಮೀಟರ್ ಒಳಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕೆಲಸ ಶುರುಮಾಡಿದ ‘ಪರಮ್ ಪ್ರವೇಗ’ ಸೂಪರ್‌ಕಂಪ್ಯೂಟರ್ ಕೂಡ ದ್ರವದಿಂದಲೇ ತಂಪಾಗುತ್ತದೆ. ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್. 1985ರ ಕ್ರೇ-2 ಯಂತ್ರದಲ್ಲಂತೂ ಬೋರ್ಡುಗಳನ್ನೇ ವಿದ್ಯುತ್ ಹರಿಯದ ಒಂದು ದ್ರವದಲ್ಲಿ ಮುಳುಗಿಸಿಟ್ಟಿದ್ದರು.

ಮೊದಲು ನಾವು ಮಾಡಿದ್ದು ಎಲ್ಲರೂ ಮಾಡುವುದೇ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟೆವು. ಎಕ್ಸ್‌ಪೋರ್ಟ್ ಇಪ್ಪತ್ತೈದು ನಿಮಿಷ ಓಡಿತು, ಮತ್ತೆ ಆಫ್. ಆಗ ನಾನು ಅಳೆಯೋಣ ಎಂದೆ. ಪ್ರಥಮ ಪಿಯುಸಿಯಲ್ಲಿ ಬಿಸಿನೀರು ಆರುವುದನ್ನು ನಿಮಿಷ ನಿಮಿಷಕ್ಕೆ ಬರೆದು ಗ್ರಾಫ್ ಎಳೆಯುವ ಪ್ರಯೋಗ ಮಾಡಿದ್ದೆವಲ್ಲ, ಅದನ್ನೇ ತಿರುವುಮುರುವು ಮಾಡಿದೆ. ಪ್ರೊಸೆಸರ್‌ನ ತಾಪಮಾನ ತೋರಿಸುವ ಉಚಿತ ತಂತ್ರಾಂಶಗಳಿವೆ. ಕೋರ್ ಟೆಂಪ್, ಎಚ್‌ಡಬ್ಲ್ಯೂ ಮಾನಿಟರ್ ಇವುಗಳಲ್ಲಿ ಯಾವುದಾದರೂ ಸಾಕು. ಎಕ್ಸ್‌ಪೋರ್ಟ್ ಒತ್ತಿ, ರಫ್ ಪುಸ್ತಕ ಹಿಡಿದು, ಗಡಿಯಾರ ನೋಡುತ್ತಾ ಕೂತೆ. ಸುಮ್ಮನಿದ್ದಾಗ 54 ಡಿಗ್ರಿ. ಎರಡನೇ ನಿಮಿಷಕ್ಕೆ 71, ಆರಕ್ಕೆ 80, ಹತ್ತಕ್ಕೆ 88, ಹದಿನಾರಕ್ಕೆ 98. ಹತ್ತೊಂಬತ್ತನೇ ನಿಮಿಷಕ್ಕೆ ಪರದೆ ಕಪ್ಪಾಯಿತು.

ಈ ಅಂಕಿಗಳಲ್ಲಿ ಮುಖ್ಯವಾದದ್ದು 98 ಅಲ್ಲ, ಅದು ಏರಿದ ರೀತಿ. ನೀರು ಕಾಯುವುದು ನಿಧಾನ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.18 ಜೂಲ್ ಬೇಕು. ಪೈಪು, ಪಂಪು ಎಲ್ಲ ಸೇರಿ ಒಳಗೆ ಟೀ ಲೋಟದಷ್ಟು, ಅಂದರೆ 150 ಮಿ.ಲೀ. ನೀರಿದೆ ಎಂದುಕೊಳ್ಳಿ. 84 ವ್ಯಾಟ್ ಶಾಖವೆಲ್ಲ ಆ ನೀರಿನಲ್ಲೇ ಉಳಿದುಬಿಟ್ಟರೆ ನೀರು ನಿಮಿಷಕ್ಕೆ ಸುಮಾರು 8 ಡಿಗ್ರಿ ಏರುತ್ತದೆ. ರೇಡಿಯೇಟರ್ ಸ್ವಲ್ಪವಾದರೂ ಕೆಲಸ ಮಾಡುತ್ತಿದ್ದರೆ ಇನ್ನೂ ನಿಧಾನ. ಹಾಗಾಗಿ ಹತ್ತು ಹದಿನೈದು ನಿಮಿಷ ತೆಗೆದುಕೊಂಡು ತಾಪಮಾನ ಮೆಲ್ಲಗೆ ಹತ್ತುತ್ತಿದ್ದರೆ ಶಾಖ ನೀರಿನವರೆಗೆ ಚೆನ್ನಾಗಿಯೇ ತಲುಪುತ್ತಿದೆ, ಹೊರಗೆ ಹೋಗುತ್ತಿಲ್ಲ ಎಂದು ಅರ್ಥ. ಎಕ್ಸ್‌ಪೋರ್ಟ್ ಒತ್ತಿದ ಕೆಲವೇ ಸೆಕೆಂಡಿನಲ್ಲಿ 95ಕ್ಕೆ ಜಿಗಿದರೆ ಶಾಖ ನೀರಿಗೇ ಇಳಿಯುತ್ತಿಲ್ಲ: ಪೇಸ್ಟ್ ಒಣಗಿರಬೇಕು, ತಟ್ಟೆಯ ಸ್ಕ್ರೂ ಸಡಿಲವಾಗಿರಬೇಕು, ಇಲ್ಲವೇ ನೀರೇ ನಿಂತಿರಬೇಕು. ನಮ್ಮದು ಮೊದಲನೇ ಜಾತಿಯ ಗ್ರಾಫ್.

ಕೋಣೆಯ ತಾಪಮಾನವನ್ನೂ ಪಕ್ಕದಲ್ಲೇ ಬರೆದುಕೊಳ್ಳಿ. ನಮ್ಮದು ಶೀಟಿನ ಮನೆ, ಮಧ್ಯಾಹ್ನ ಒಳಗೆ 36 ಡಿಗ್ರಿ. ಯಾವ ರೇಡಿಯೇಟರೂ ನೀರನ್ನು ಕೋಣೆಗಿಂತ ತಂಪಾಗಿಸಲಾರದು, ಅದು ಫ್ರಿಜ್ ಅಲ್ಲ. ಡಿಸೆಂಬರ್‌ನಲ್ಲಿ ಇದೇ ಕೋಣೆ 22 ಡಿಗ್ರಿ ಇರುವಾಗ ಚಿಪ್ ಕೂಡ ಹೆಚ್ಚುಕಡಿಮೆ 14 ಡಿಗ್ರಿ ಕಡಿಮೆ ತೋರಿಸುತ್ತದೆ. ‘ಚಳಿಗಾಲದಲ್ಲಿ ಚೆನ್ನಾಗಿತ್ತು, ಈಗ ಕೆಟ್ಟಿತು’ ಎಂದು ಭಾಯಿಜಾನ್ ಹೇಳುತ್ತಿದ್ದದ್ದು ಅದಕ್ಕೇ. ಕಾಯಿಲೆ ಆಗಲೂ ಇತ್ತು, ಚಳಿ ಅದನ್ನು ಮುಚ್ಚಿಟ್ಟಿತ್ತು.

ಮರುದಿನ ಚಾಚಾ ಬಂದರು. ಅವರು ಲಾರಿ ಮೆಕ್ಯಾನಿಕ್, ಕಂಪ್ಯೂಟರ್ ಬಿಚ್ಚಿದವರಲ್ಲ. ನನ್ನ ಗ್ರಾಫ್ ನೋಡಿ ನಕ್ಕರು. ‘ಇದು ರೇಡಿಯೇಟರ್ ತಾನೆ? ಪೈಪು ಮುಟ್ಟಿ ನೋಡಿದ್ಯಾ ಬೇಟಿ?’ ಎಂದರು. ನಾನು ಮುಟ್ಟಿರಲಿಲ್ಲ. ಲಾರಿ ಕಾದಾಗ ಮೆಕ್ಯಾನಿಕ್‌ಗಳು ರೇಡಿಯೇಟರ್‌ನ ಮೇಲಿನ ಪೈಪು, ಕೆಳಗಿನ ಪೈಪು ಎರಡನ್ನೂ ಮುಟ್ಟಿ ಹೋಲಿಸುತ್ತಾರಂತೆ. ಅರ್ಧ ರೋಗ ಅಲ್ಲೇ ಗೊತ್ತಾಗುತ್ತದಂತೆ. ಎಕ್ಸ್‌ಪೋರ್ಟ್ ಓಡುತ್ತಿರುವಾಗಲೇ ಅವರು ಒಂದೊಂದು ಪೈಪನ್ನೂ ಎರಡು ಬೆರಳಲ್ಲಿ ಹಿಡಿದು ಹತ್ತು ಎಣಿಸಿದರು. ಎರಡೂ ಒಂದೇ ಸಮ ಬಿಸಿ, ಎಂಟಕ್ಕೇ ಬೆರಳು ತೆಗೆಯುವಷ್ಟು. (ಮುಟ್ಟಬೇಕಾದದ್ದು ರಬ್ಬರ್ ಪೈಪನ್ನು ಮಾತ್ರ. ಫ್ಯಾನಿನ ಹತ್ತಿರ ಕೈ ಬೇಡ, ದುಪಟ್ಟಾ, ತೋಳು, ಕೂದಲು ಹಿಂದಕ್ಕಿರಲಿ. ಪವರ್ ಸಪ್ಲೈ ಡಬ್ಬಿಯನ್ನಂತೂ ಯಾವತ್ತೂ ಬಿಚ್ಚಬಾರದು, ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ.)

ಲಾರಿಯಲ್ಲಿ ಎರಡು ಪೈಪಿನ ನಡುವೆ ಚೆನ್ನಾಗಿಯೇ ವ್ಯತ್ಯಾಸ ಇರುತ್ತದೆ, ಇಲ್ಲಿ ಯಾಕಿಲ್ಲ ಎಂದು ಚಾಚಾಗೆ ಅನುಮಾನ. ಅದಕ್ಕೆ ಉತ್ತರ ನಮ್ಮ ಪಠ್ಯದಲ್ಲೇ ಇತ್ತು. ಪಂಪು ನಿಮಿಷಕ್ಕೆ ಒಂದು ಲೀಟರ್ ನೀರು ಹರಿಸುತ್ತದೆ ಎಂದುಕೊಂಡರೆ ಸೆಕೆಂಡಿಗೆ 16.7 ಗ್ರಾಂ. ಅದನ್ನು 4.18ರಿಂದ ಗುಣಿಸಿದರೆ ಸುಮಾರು 70. ಅಂದರೆ ಒಂದು ಡಿಗ್ರಿ ವ್ಯತ್ಯಾಸದಲ್ಲೇ ನೀರು 70 ವ್ಯಾಟ್ ಹೊತ್ತೊಯ್ಯುತ್ತದೆ. 84 ವ್ಯಾಟ್‌ಗೆ 1.2 ಡಿಗ್ರಿ ಸಾಕು. ಬೆರಳಿಗೆ ಅಷ್ಟು ಸಣ್ಣ ವ್ಯತ್ಯಾಸ ತಿಳಿಯುವುದಿಲ್ಲ. ಹರಿವು ಹತ್ತನೇ ಒಂದು ಪಾಲಿಗೆ ಇಳಿದರೆ ವ್ಯತ್ಯಾಸ 12 ಡಿಗ್ರಿ ಆಗುತ್ತದೆ, ಆಗ ಚಿಕ್ಕ ಮಗುವೂ ಹೇಳಬಲ್ಲದು. ಹಾಗಾಗಿ ಕಂಪ್ಯೂಟರ್‌ನಲ್ಲಿ ಎರಡೂ ಪೈಪು ಒಂದೇ ಸಮ ಇದ್ದರೆ ಅದು ನೀರು ಹರಿಯುತ್ತಿರುವ ಲಕ್ಷಣ. ಎರಡೂ ಸಮನಾಗಿ ಸುಡುತ್ತಿದ್ದರೆ ತಪ್ಪು ರೇಡಿಯೇಟರ್ ಮತ್ತು ಗಾಳಿಯ ಕಡೆ ಇದೆ.

ಪ್ಲಗ್ ತೆಗೆದು, ಪವರ್ ಬಟನ್ ಒಂದೆರಡು ಸಲ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ, ರೇಡಿಯೇಟರ್ ನೋಡಿದೆವು. ಹೊರಗಡೆಯಿಂದ ಸ್ವಚ್ಛವಾಗಿಯೇ ಇತ್ತು. ಭಾಯಿಜಾನ್ ತಿಂಗಳಿಗೊಮ್ಮೆ ಬ್ರಷ್‌ನಲ್ಲಿ ಒರೆಸುತ್ತಾರೆ. ಚಾಚಾ ಬಿಡಲಿಲ್ಲ, ಫ್ಯಾನಿನ ನಾಲ್ಕು ಸ್ಕ್ರೂ ಬಿಚ್ಚಿ ಅದನ್ನು ಎಳೆದರು. ಫ್ಯಾನ್ ಮತ್ತು ರೇಡಿಯೇಟರ್ ನಡುವೆ ಕಂಬಳಿ ತುಂಡಿನ ಹಾಗೆ ಒಂದು ಪದರ ಅಂಟಿ ಕೂತಿತ್ತು. ಒಂದು ಮೂಲೆ ಹಿಡಿದು ಎಳೆದರೆ ಇಡಿಯಾಗಿ ಎದ್ದು ಬಂತು. ಬೂದು ಬಣ್ಣದ್ದಲ್ಲ, ನೇರಳೆ, ಗುಲಾಬಿ, ಅಲ್ಲಲ್ಲಿ ಗಿಳಿಹಸಿರು. ನಮ್ಮ ಪಕ್ಕದ ಶೆಡ್‌ನಲ್ಲಿ ಆರು ಪವರ್‌ಲೂಮ್‌ಗಳಿವೆ. ಅಲ್ಲಿ ನೇಯುವ ಆರ್ಟ್ ಸಿಲ್ಕ್ ಸೀರೆಗಳ ನೂಲಿನ ಜುಂಗು ವರ್ಷಗಟ್ಟಲೆ ಗಾಳಿಯಲ್ಲಿ ತೇಲಿಬಂದು ಇಲ್ಲಿ ಮತ್ತೊಮ್ಮೆ ನೇಯಲ್ಪಟ್ಟಿತ್ತು! ಅಮ್ಮಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ಇದರಲ್ಲಿ ಒಂದು ದಿಂಬು ತುಂಬಬಹುದು’ ಎಂದರು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದು ಕೇಳುವಷ್ಟು ಹತ್ತಿರ ಮನೆ ಇರುವವರೆಲ್ಲ ತಮ್ಮ ಕಂಪ್ಯೂಟರ್‌ನ ಫ್ಯಾನ್ ಬಿಚ್ಚಿ ಒಮ್ಮೆ ನೋಡಬೇಕು. ಹೊರಗಿನಿಂದ ನೋಡಿದರೆ ಕಾಣುವುದಿಲ್ಲ.

ಇಷ್ಟು ಜುಂಗು ಯಾಕೆ ಅಷ್ಟು ಕೆಡುಕು ಮಾಡಿತು? ಮತ್ತೆ ಲೆಕ್ಕ ನೋಡಿ. 84 ವ್ಯಾಟ್ ಶಾಖವನ್ನು 10 ಡಿಗ್ರಿ ಏರಿಕೆಯಲ್ಲಿ ಹೊತ್ತೊಯ್ಯಲು ಸೆಕೆಂಡಿಗೆ 2 ಮಿ.ಲೀ. ನೀರು ಸಾಕು. ಅದೇ ಕೆಲಸಕ್ಕೆ ಗಾಳಿಯಾದರೆ ಸೆಕೆಂಡಿಗೆ ಸುಮಾರು 7 ಲೀಟರ್ ಬೇಕು. ನೀರಿನಿಂದ ತಂಪಾಗುವ ಕಂಪ್ಯೂಟರ್ ಎನ್ನುತ್ತೇವೆ, ಆದರೆ ಕೊನೆಗೆ ಶಾಖ ಹೋಗುವುದು ಗಾಳಿಗೇ. ನೀರು ಬರೀ ಹಮಾಲಿ. ಆ ಏಳು ಲೀಟರ್ ಗಾಳಿಯ ದಾರಿಗೆ ನಾವು ಕಂಬಳಿ ಹೊದಿಸಿದ್ದೆವು.

ರೆಕ್ಕೆಗಳ ಒಳಗೆ ಉಳಿದದ್ದನ್ನು ತೆಗೆಯಲು ಪಂಕ್ಚರ್ ಅಂಗಡಿಯ ಗಾಳಿ ಹೊಡೆಸೋಣ ಎಂದರು ಭಾಯಿಜಾನ್. ಅದು ಬೇಡ. ಆ ಗಾಳಿಯಲ್ಲಿ ನೀರಿನ ಹನಿ ಇರುತ್ತದೆ, ಒತ್ತಡಕ್ಕೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಹೋಗುತ್ತವೆ. ಪಕ್ಕದ ಶೆಡ್‌ನಲ್ಲಿ ಮಗ್ಗ ಸ್ವಚ್ಛ ಮಾಡುವ ಕೈ ಬ್ಲೋವರ್ ಇಸ್ಕೊಂಡು ಬಂದು, ಎರಡು ಅಡಿ ದೂರದಿಂದ, ಗಾಳಿ ಸಾಮಾನ್ಯವಾಗಿ ಹೋಗುವ ದಿಕ್ಕಿಗೆ ವಿರುದ್ಧವಾಗಿ ಊದಿದೆವು. ಫ್ಯಾನಿಗೆ ಊದುವಾಗ ಅದರ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಅವತ್ತು ಸಂಜೆ ಎಕ್ಸ್‌ಪೋರ್ಟ್‌ಗೆ ಹಾಕಿದರೆ ತಾಪಮಾನ 83ಕ್ಕೆ ಬಂದು ನಿಂತಿತು, ಮೇಲೇರಲೇ ಇಲ್ಲ. ಇಶಾ ನಮಾಜ್ ಮುಗಿಸಿ ಬಂದು ನೋಡಿದ ಭಾಯಿಜಾನ್‌ಗೆ ಫೈಲ್ ಸಿದ್ಧವಾಗಿ ಕೂತಿತ್ತು. ಮದುಮಗ ದುಬೈಗೆ ಹೊರಡುವ ಎರಡು ದಿನ ಮೊದಲು ಪೆನ್‌ಡ್ರೈವ್ ತಲುಪಿತು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಮುಂದಿನ ತಪ್ಪು ನನ್ನದು.

83 ಇನ್ನೂ ಹೆಚ್ಚಾಯಿತು ಅನ್ನಿಸಿತು ನನಗೆ. ರೇಡಿಯೇಟರ್ ಕ್ಯಾಬಿನೆಟ್‌ನ ಹಿಂಭಾಗದಲ್ಲಿ, ಮೇಲ್ಗಡೆ ಇತ್ತು. ಒಳಗಿನ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತಿತ್ತು. ಮುಂಭಾಗದ ಕೆಳಗಡೆ ಇಟ್ಟರೆ ಹೊರಗಿನ ತಂಪು ಗಾಳಿ ಸಿಗುತ್ತದಲ್ಲ ಎಂದು ಯೋಚಿಸಿದೆ. ಸಣ್ಣ ಕ್ಯಾಬಿನೆಟ್, ಪೈಪು ಹೇಗೋ ಎಟುಕಿತು. ಮೊದಲ ದಿನ 79 ಡಿಗ್ರಿ! ನಾನು ಮನೆಯಲ್ಲಿ ಎಂಜಿನಿಯರ್ ಆಗಿಬಿಟ್ಟೆ. ಮೂರನೇ ದಿನ ಒಳಗಿನಿಂದ ಗುಳುಗುಳು ಸದ್ದು ಶುರುವಾಯಿತು, ಹುಕ್ಕಾ ಎಳೆದ ಹಾಗೆ. ಐದನೇ ದಿನ ಎರಡನೇ ಮದುವೆಯ ಕೆಲಸ ಹಾಕಿದಾಗ ಒಂದೇ ನಿಮಿಷದೊಳಗೆ 100 ಡಿಗ್ರಿ.

ಪೈಪು ಮುಟ್ಟಿದೆ. ಒಂದು ಪಂಪಿನ ಹತ್ತಿರ ಮಾತ್ರ ಬಿಸಿ, ಇನ್ನೊಂದು ತಣ್ಣಗೆ. ರೇಡಿಯೇಟರ್ ಗೋಡೆಯಷ್ಟೇ ತಣ್ಣಗೆ. ಗ್ರಾಫ್ ಕೂಡ ಈಗ ಎರಡನೇ ಜಾತಿಯದು. ನೀರು ನಿಂತಿದೆ. ಆದರೆ ಬಯಾಸ್ ಪರದೆಯಲ್ಲಿ ಪಂಪಿನ ವೇಗ ಎಂದಿನಂತೆಯೇ ತೋರಿಸುತ್ತಿತ್ತು. ಫೋನಿನಲ್ಲಿ ಹೇಳಿದಾಗ ಚಾಚಾ ಒಂದೇ ಮಾತು ಹೇಳಿದರು: ‘ಮೋಟಾರ್ ಏರ್ ಹಿಡಿದಿದೆ.’

ಬೋರ್‌ವೆಲ್, ಮೋಟಾರ್ ಇರುವ ಊರಿನಲ್ಲಿ ಈ ಮಾತು ಯಾರಿಗೆ ಗೊತ್ತಿಲ್ಲ? ಮೋಟಾರ್ ತಿರುಗುತ್ತದೆ, ನೀರು ಬರುವುದಿಲ್ಲ. ಪಂಪಿನ ಚಕ್ರ ನೀರನ್ನು ತಳ್ಳಬಲ್ಲದೇ ಹೊರತು ಗಾಳಿಗುಳ್ಳೆಯನ್ನಲ್ಲ. ಅದಕ್ಕೇ ಬಯಾಸ್ ತೋರಿಸುವ ವೇಗವನ್ನು ನಂಬಿ ಕೂರಬಾರದು. ಅದು ಚಕ್ರ ತಿರುಗುತ್ತಿದೆ ಎಂದಷ್ಟೇ ಹೇಳುತ್ತದೆ, ನೀರು ಹರಿಯುತ್ತಿದೆ ಎಂದಲ್ಲ. ಹಾಗೆಂದು ಅದನ್ನು ನೋಡದೆ ಬಿಡಲೂ ಬಾರದು. ಕೆಲವು ಬೋರ್ಡುಗಳು ಪಂಪನ್ನೂ ಫ್ಯಾನ್ ಎಂದೇ ತಿಳಿದು ಸದ್ದು ಕಡಿಮೆ ಮಾಡಲು ಅದರ ವೇಗ ಇಳಿಸಿಬಿಡುತ್ತವೆ. ಪಂಪು ಸಿಕ್ಕಿಸಿರುವ ಜಾಗವನ್ನು ಯಾವಾಗಲೂ ಪೂರ್ಣ ವೇಗಕ್ಕೆ ಇಟ್ಟಿರಬೇಕು. ವೇಗ ಸೊನ್ನೆ ತೋರಿಸಿದರೆ ಪಂಪು ಸತ್ತಿದೆ ಎಂದು ತೀರ್ಮಾನಿಸುವ ಮೊದಲು ವೈರು ಸರಿಯಾದ ಜಾಗದಲ್ಲಿದೆಯೇ ನೋಡಿ.

ಸೀಲ್ ಆಗಿರುವ ಡಬ್ಬಿಯೊಳಗೆ ಗಾಳಿ ಎಲ್ಲಿಂದ ಬಂತು? ರಬ್ಬರ್ ಪೈಪು ನಮಗೆ ಗಟ್ಟಿಯಾಗಿ ಕಂಡರೂ ನೀರಿನ ಅಣುಗಳು ಅದರ ಮೂಲಕ ವರ್ಷಗಟ್ಟಲೆ ಒಂದೊಂದಾಗಿ ಹೊರಗೆ ಹೋಗುತ್ತಲೇ ಇರುತ್ತವೆ. ಹೊಸದರಲ್ಲೂ ಚೂರು ಗಾಳಿ ಇರುತ್ತದೆ, ನೀರು ಇಂಗಿದಷ್ಟೂ ಅದು ಬೆಳೆಯುತ್ತದೆ. ಗಾಳಿ ಎಲ್ಲಿ ಸೇರುತ್ತದೆ? ಎತ್ತರದ ಜಾಗದಲ್ಲಿ. ಮಾಮು ಕಟ್ಟಿಸಿದಾಗ ರೇಡಿಯೇಟರ್‌ನ ಮೇಲಿನ ತುದಿ ಎತ್ತರದಲ್ಲಿತ್ತು, ಗಾಳಿ ಅಲ್ಲಿ ಯಾರಿಗೂ ತೊಂದರೆ ಕೊಡದೆ ಕೂತಿತ್ತು. ನಾನು ರೇಡಿಯೇಟರನ್ನು ಕೆಳಗಿಳಿಸಿದಾಗ ಪಂಪೇ ಎಲ್ಲಕ್ಕಿಂತ ಎತ್ತರವಾಯಿತು. ಆ ಗುಳುಗುಳು ಸದ್ದು ಗಾಳಿ ಮನೆ ಬದಲಿಸುತ್ತಿದ್ದ ಸದ್ದು.

ರೇಡಿಯೇಟರನ್ನು ಮೊದಲಿನ ಜಾಗಕ್ಕೇ ಇಟ್ಟು, ಕಂಪ್ಯೂಟರ್ ಆನ್ ಮಾಡಿ, ಕ್ಯಾಬಿನೆಟ್ ಅನ್ನು ಇಬ್ಬರೂ ಹಿಡಿದು ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಿದೆವು, ಮಗುವನ್ನು ತೂಗಿದ ಹಾಗೆ. ಐದಾರು ನಿಮಿಷದಲ್ಲಿ ಗುಳುಗುಳು ನಿಂತು ತಣ್ಣಗಿದ್ದ ಪೈಪು ಬೆಚ್ಚಗಾಯಿತು. ತಾಪಮಾನ 100ರಿಂದ 60ಕ್ಕೆ ಇಳಿದದ್ದನ್ನು ನೋಡುವುದೇ ಒಂದು ಖುಷಿ. ಆದರೆ ವಾರದಲ್ಲಿ ಎರಡು ಸಲ ಹೀಗೆ ತೂಗಬೇಕಾಯಿತು. ಒಳಗಿನ ನೀರು ಅಷ್ಟು ಕಡಿಮೆಯಾಗಿತ್ತು.

ಹಾಗಾದರೆ ನೀರು ತುಂಬಿಸಬಾರದೆ? ಭಾಯಿಜಾನ್ ಕೇಳಿದ್ದೂ ಅದೇ, ನಲ್ಲಿ ನೀರಿನ ಚೊಂಬು ಹಿಡಿದೇ ಬಂದಿದ್ದರು. ನಮ್ಮ ಬೋರ್‌ವೆಲ್ ನೀರು ಎಂಥದೆಂದು ನಮ್ಮ ಹಂಡೆಯ ತಳವೇ ಹೇಳುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಸಿಗೆ ಬಿಳಿ ಹೆಕ್ಕಳೆಯಾಗಿ ಕೂರುತ್ತವೆ. ಕೂದಲೆಳೆಯಂಥ ಕಾಲುವೆ ಮುಚ್ಚಲು ಎಷ್ಟು ಹೆಕ್ಕಳೆ ಬೇಕು? ಅಲ್ಲದೆ ಲವಣ ಇರುವ ನೀರಿನಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಒಂದು ಹನಿ ಬೋರ್ಡ್ ಮೇಲೆ ಬಿದ್ದರೆ ಕೆಲಸ ಮುಗಿಯಿತು. ಇನ್ನೊಂದು ಅಪಾಯ ನಮ್ಮ ರಸಾಯನಶಾಸ್ತ್ರದ ವಿದ್ಯುತ್ಕೋಶದ ಪಾಠದ್ದು: ತಟ್ಟೆ ತಾಮ್ರ, ರೇಡಿಯೇಟರ್ ಅಲ್ಯೂಮಿನಿಯಂ. ಎರಡು ಬೇರೆ ಲೋಹ, ನಡುವೆ ಲವಣದ ನೀರು. ಅಲ್ಯೂಮಿನಿಯಂ ನಿಧಾನವಾಗಿ ಸವೆಯತೊಡಗುತ್ತದೆ. ಅದನ್ನು ತಡೆಯಲೆಂದೇ ಕಂಪನಿಯವರು ಶುದ್ಧ ನೀರಿಗೆ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕ ಸೇರಿಸಿರುತ್ತಾರೆ. ನಮ್ಮದರಲ್ಲಿ ನೀರು ತುಂಬಿಸುವ ಮುಚ್ಚಳವೇ ಇರಲಿಲ್ಲ. ಮುಚ್ಚಳ ಇರುವ ಮಾದರಿಯಾದರೆ ಅದಕ್ಕೆಂದೇ ಬರುವ ಕೂಲಂಟ್ ಮಾತ್ರ ಹಾಕಬೇಕು.

ನನ್ನ ಅಭಿಪ್ರಾಯ ಕೇಳಿದರೆ ಹತ್ತು ವರ್ಷ ದಾಟಿದ ಸೀಲ್ಡ್ ಕೂಲರ್ ಅನ್ನು ಕೊರೆದು, ತುಂಬಿ, ಅಂಟು ಹಾಕಿ ಓಡಿಸುವುದು ಬೇಡ. ಅದು ಪ್ರೊಸೆಸರ್ ಮೇಲೆ ಕೂತ ನೀರಿನ ಡಬ್ಬಿ. ಸೋರಿದರೆ ಭಾಯಿಜಾನ್‌ರ ಹಾರ್ಡ್‌ಡಿಸ್ಕ್‌ನಲ್ಲಿರುವ ಐದು ವರ್ಷದ ಮದುವೆಗಳು ಹೋಗುತ್ತವೆ. ಕೂಲರ್ ಹಳತಾಗಿದ್ದರೆ ಪೈಪು ಸೇರುವ ಜಾಗಗಳನ್ನು ತಿಂಗಳಿಗೊಮ್ಮೆ ಟಿಶ್ಯೂ ಪೇಪರ್‌ನಿಂದ ಒತ್ತಿ ನೋಡಿ. ಅಂಟು ಅಂಟಾದ ಕಲೆ, ಹಸಿರು ಪುಡಿ ಕಂಡರೆ ಆನ್ ಮಾಡಲೇಬೇಡಿ.

ಮೊದಲ ಮದುವೆಯ ಬಾಕಿ ಹಣ ಬಂದಾಗ 1,700 ರೂಪಾಯಿಗೆ ಗಾಳಿಯಿಂದಲೇ ತಂಪಾಗುವ ಒಂದು ಗೋಪುರದಂಥ ಹೀಟ್‌ಸಿಂಕ್ ತಂದೆವು. ಈಗ ಬರುವ ಹಲವು ಕೂಲರ್‌ಗಳ ಜೊತೆ ಈ ಹಳೆಯ ಸಾಕೆಟ್‌ಗೆ ಹೊಂದುವ ಕ್ಲಿಪ್ಪೂ ಇರುತ್ತದೆ, ಕೊಳ್ಳುವ ಮುಂಚೆ ಡಬ್ಬಿಯ ಮೇಲೆ 1150 ಅಥವಾ 115ಎಕ್ಸ್ ಎಂದು ಬರೆದಿರುವುದನ್ನು ನೋಡಿಕೊಳ್ಳಬೇಕು. ಎತ್ತರವನ್ನೂ ಅಳೆದುಕೊಂಡು ಹೋಗಿ, ಬಾಗಿಲು ಮುಚ್ಚದಿದ್ದರೆ ಕಷ್ಟ. ಹಳೆಯ ತಟ್ಟೆ ತೆಗೆದಾಗ ಪೇಸ್ಟ್ ಒಣಗಿದ ಸುಣ್ಣದಂತೆ ಉದುರಿತು. ಅದನ್ನು ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು, ಮೊಬೈಲ್ ರಿಪೇರಿಯವರ ಬಳಿ ಸಿಗುತ್ತದೆ. ಹೆಸರು ಕೇಳಿ ಅಮ್ಮಿ ಹುಬ್ಬೇರಿಸಿದರು. ಕುಡಿಯುವುದಲ್ಲ ಅಮ್ಮಿ, ಕೊರೊನಾ ಕಾಲದಲ್ಲಿ ಕೈಗೆ ಹಚ್ಚಿಕೊಳ್ಳುತ್ತಿದ್ದ ಸ್ಯಾನಿಟೈಸರ್ ಜಾತಿಯದು ಎಂದ ಮೇಲೆ ಹಳೆಯ ಮಲ್ಮಲ್ ಬಟ್ಟೆ ಕೊಟ್ಟರು. ಹೊಸ ಪೇಸ್ಟ್ ನಡುವೆ ಒಂದು ತೊಗರಿ ಕಾಳಿನಷ್ಟು ಸಾಕು. ಬೆಣ್ಣೆ ಹಚ್ಚಿದಂತೆ ದಪ್ಪಗೆ ಬಳಿಯಬಾರದು. ತಾಮ್ರಕ್ಕೆ ಹೋಲಿಸಿದರೆ ಪೇಸ್ಟ್ ಶಾಖವನ್ನು ದಾಟಿಸುವುದು ಬಹಳ ಕಡಿಮೆ, ಅದರ ಕೆಲಸ ಗಾಳಿಯ ಸಂದು ತುಂಬುವುದು ಮಾತ್ರ. ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಲಾರಿ ಚಕ್ರದ ನಟ್ಟಿನ ಹಾಗೆ.

ಈಗ ಅದೇ ಕೋಣೆಯಲ್ಲಿ, 35 ಡಿಗ್ರಿ ಸೆಕೆಯಲ್ಲಿ, ಎಕ್ಸ್‌ಪೋರ್ಟ್ ಮಾಡುವಾಗ 81 ಡಿಗ್ರಿ. ಕ್ಯಾಬಿನೆಟ್‌ಗೆ ಗಾಳಿ ಒಳಬರುವ ಕಡೆ ಅಮ್ಮಿಯ ಹಳೆಯ ನೆಟ್ ದುಪಟ್ಟಾ ಕತ್ತರಿಸಿ ಕಟ್ಟಿದ್ದೇವೆ. ಪ್ರತಿ ಶುಕ್ರವಾರ ಜುಮಾಗೆ ಹೊರಡುವ ಮೊದಲು ಭಾಯಿಜಾನ್ ಅದನ್ನು ಬಿಚ್ಚಿ ಕೊಡವುತ್ತಾರೆ. ಒಂದು ವಾರಕ್ಕೆ ಅದು ನೇರಳೆಯಾಗುತ್ತದೆ, ಇನ್ನೊಂದು ವಾರ ಕೇಸರಿ. ಪಕ್ಕದ ಶೆಡ್‌ನಲ್ಲಿ ಯಾವ ಸೀರೆ ನೇಯುತ್ತಿದ್ದಾರೆ ಎಂದು ಮನೆಯಲ್ಲೇ ಕೂತು ಹೇಳಬಹುದು.

ಹಳೆಯ ನೀರಿನ ಕೂಲರ್ ಅನ್ನು ಚಾಚಾ ಪೈಪು ಕತ್ತರಿಸಿ ಬಿಚ್ಚಿ ಕೊಟ್ಟರು. ಒಳಗಿನ ದ್ರವವನ್ನು ಬಾಟಲಿಗೆ ಹಿಡಿದು ಮುಚ್ಚಳ ಹಾಕಿಟ್ಟೆವು, ಚರಂಡಿಗೆ ಚೆಲ್ಲಲಿಲ್ಲ. ಕೆಲವು ಕೂಲಂಟ್‌ಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಬೆಕ್ಕು ಕೋಳಿ ಕುಡಿದರೆ ಸಾಯುತ್ತವೆ. ತಾಮ್ರದ ತಟ್ಟೆಯ ಕಾಲುವೆಗಳಲ್ಲಿ ಅರ್ಧದಷ್ಟು ಬಿಳಿ ಹಸಿರು ಕೆಸರಿನಿಂದ ಮುಚ್ಚಿಹೋಗಿದ್ದವು. ಆ ತಟ್ಟೆ ಈಗ ನಮ್ಮ ಭೌತಶಾಸ್ತ್ರ ಪ್ರಯೋಗಾಲಯದ ಕಪಾಟಿನಲ್ಲಿ, ಕ್ಯಾಲೊರಿಮೀಟರ್ ಪಕ್ಕದಲ್ಲಿದೆ. ನೋಡಬೇಕೆನ್ನುವವರು ಮೇಡಂ ಅವರನ್ನು ಕೇಳಿ, ಲೆನ್ಸ್ ಜೊತೆಗೆ ಕೊಡುತ್ತಾರೆ.